ಮನೆಯವರ ಸಹಿ

ನನಗೆ ಕನ್ನಡ ಚೆನ್ನಾಗಿ ಬರುತ್ತದೆ ಎಂಬ ಭ್ರಮೆ ಬಹಳ ವರ್ಷ ಇತ್ತು. ನಮ್ಮ ಬಳಗದ ಮದುವೆ ಕರೆಯೋಲೆಗಳಲ್ಲಿ ಒತ್ತಕ್ಷರ ತಿದ್ದುವವಳು ನಾನೇ. ಕಾಲೇಜಿನ ನೋಟಿಸಿನಲ್ಲಿ 'ವಿದ್ಯಾರ್ಥಿ'ಗೆ ಮಹಾಪ್ರಾಣ ಬಿಟ್ಟುಹೋದರೆ ಕೆಂಪು ಪೆನ್ನು ಹಿಡಿದು ಗೋಡೆಗೇ ಹೋಗಿ ತಿದ್ದಿ ಬರುತ್ತಿದ್ದೆ. ಶಿರಸಿಯ ಒಂದು ಕಾಲೇಜಿನಲ್ಲಿ ಎಂ.ಎ. ತರಗತಿಗೆ ಸಮಾಜಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ ನಾನು. ಅತಿಥಿ ಎಂದಾಕ್ಷಣ ಮಣೆ ಹಾಕಿ ಬಾಳೆಲೆ ಬಡಿಸುವ ಚಿತ್ರ ಕಣ್ಣಮುಂದೆ ಬರಬಾರದು. ಪ್ರತಿ ವರ್ಷ 'ಈ ಸಲವೂ ಕರೆಯುತ್ತಾರೋ ಇಲ್ಲವೋ' ಎಂದು ಬಾಗಿಲಾಚೆ ನಿಂತಿರುವ ಅತಿಥಿ. ಅಂಥವಳಿಗೆ ಇರುವ ಒಂದೇ ದಾರಿ ಪಿಎಚ್‌ಡಿ.

ನನ್ನ ಮಾರ್ಗದರ್ಶಕರು ಧಾರವಾಡದವರು. "ನಿಮ್ಮ ಕಡೆ ಯಾರೂ ಮುಟ್ಟದ ವಿಷಯ ಹಿಡಿರಿ" ಎಂದಿದ್ದರು. ಹಿಡಿದೆ. 'ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಗರ್ಭಪಾತದ ಕುರಿತ ಮನೋಭಾವ: ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳನ್ನು ಅನುಲಕ್ಷಿಸಿ.' ಆ 'ಅನುಲಕ್ಷಿಸಿ' ಬರೆದ ದಿನ ನನಗೆ ಅರ್ಧ ಪದವಿ ಬಂದಷ್ಟೇ ಖುಷಿಯಾಗಿತ್ತು. ಯಲ್ಲಾಪುರದ ಹತ್ತಿರ, ಮಾಗೋಡಿನ ಕಡೆ ಇರುವ ನಮ್ಮ ಮನೆಯಲ್ಲಿ ವಿಷಯ ಏನೆಂದು ಕೇಳಿದಾಗ ಮಾತ್ರ 'ಯುವಜನರ ಮನೋಭಾವ' ಎಂದಷ್ಟೇ ಹೇಳಿ ನಡುವಿನ ಪದ ನುಂಗಿದೆ. ಇಪ್ಪತ್ತರ ಹರೆಯದವರ ಮುಕ್ತ ಮನಸ್ಸನ್ನು ಅಳೆಯಲು ಹೊರಟ ಮೂವತ್ತೊಂದರ ವಿದ್ವಾಂಸೆಯ ಧೈರ್ಯ ಇಷ್ಟು.

ಪ್ರಶ್ನಾವಳಿಯನ್ನು ಇಂಗ್ಲಿಷಿನ ಒಂದು ಮಾದರಿ ಇಟ್ಟುಕೊಂಡು ಎರಡು ಭಾನುವಾರ ಕೂತು ಕನ್ನಡಕ್ಕೆ ತಂದೆ. ಟೈಪಿಗೆ ಕೊಟ್ಟದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಗೆ. ಅಲ್ಲಿ ಕೂರುವ ಹೆಂಗಸು ಪ್ರತಿಯೊಂದನ್ನೂ ಓದಿಕೊಂಡೇ ಟೈಪು ಮಾಡುವವಳು. ಅರ್ಧಕ್ಕೆ ನಿಲ್ಲಿಸಿ, ತಲೆ ಎತ್ತದೆ ಕೇಳಿದಳು.

"ಮೇಡಂ, ಇದು ಗರ್ಭಪಾತ ಆಗೂದಾ, ಮಾಡ್ಸೂದಾ?"

"ಎರಡೂ ಒಂದೇ ಅಲ್ವಾ?" ಎಂದೆ, ಸ್ವಲ್ಪ ಬಿಗುಮಾನದಿಂದಲೇ.

"ಒಂದೇ ಹೇಗಾಗ್ತದೆ? ನಮ್ಮ ಅತ್ತಿಗೆಗೆ ಎರಡು ಸಲ ಅಬಾರ್ಷನ್ ಆಯ್ತು. ಅವಳು ಮಗು ಬೇಕು ಅಂತ ಹರಕೆ ಹೊತ್ತಿದ್ಳು. ಅವಳ ಕೈಲಿ ಈ ಕಾಗದ ಕೊಟ್ಟು 'ಗರ್ಭಪಾತ ಸರಿಯೋ ತಪ್ಪೋ' ಕೇಳಿದ್ರೆ ಎಂತ ಬರೀಬೇಕು ಅವಳು?"

ಹೌದಲ್ಲ! ತಾನಾಗಿ ಹೋಗುವುದಕ್ಕೂ ಬೇಡವೆಂದು ತೆಗೆಸುವುದಕ್ಕೂ ನಾವು ಒಂದೇ ಪದ ಇಟ್ಟುಕೊಂಡಿದ್ದೇವೆ. ಇಡೀ ಪ್ರಶ್ನಾವಳಿಯಲ್ಲಿ 'ಗರ್ಭಪಾತ' ಇದ್ದಲ್ಲೆಲ್ಲ 'ಗರ್ಭಪಾತ ಮಾಡಿಸಿಕೊಳ್ಳುವುದು' ಎಂದು ತಿದ್ದಿಸಿದೆ. ಆಮೇಲೆ ಮಾರ್ಗದರ್ಶಕರಿಗೆ ಫೋನು ಮಾಡಿ, "ಸರ್, ಭಾಷಿಕ ಸಂದಿಗ್ಧತೆಯೊಂದನ್ನು ಗುರುತಿಸಿದೆ" ಎಂದೆ. ಗುರುತಿಸಿದ್ದು ಡಿಟಿಪಿ ಅಂಗಡಿಯವಳು ಎಂಬುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಪ್ರಶ್ನಾವಳಿಯಲ್ಲಿ ಇನ್ನು ಒಂದೇ ಒಂದು ಗೊಂದಲದ ಮಾತಿಲ್ಲ ಎಂದು ಅವತ್ತು ನಿಶ್ಚಯ ಮಾಡಿಕೊಂಡುಬಿಟ್ಟೆ.

ಮೂರನೇ ಪುಟದಲ್ಲಿ 'ಕಾನೂನಿನ ಅರಿವು' ಎಂಬ ಭಾಗವಿತ್ತು. ಅದರ ಹನ್ನೊಂದನೇ ಪ್ರಶ್ನೆ ಹೀಗಿತ್ತು: 'ಹದಿನೆಂಟು ತುಂಬಿದ ಹೆಣ್ಣು ಗರ್ಭಪಾತ ಮಾಡಿಸಿಕೊಳ್ಳಲು ಮನೆಯವರ ಒಪ್ಪಿಗೆ ಕಡ್ಡಾಯ. ಸರಿ / ತಪ್ಪು / ಗೊತ್ತಿಲ್ಲ.' ಮೊದಲ ಪುಟದಲ್ಲಿ ಹೆಸರು ಬರೆಯಬಾರದೆಂದು ದಪ್ಪಕ್ಷರದಲ್ಲಿ ಹಾಕಿಸಿದ್ದೆ. ಕೇಳಿದ್ದು ವಯಸ್ಸು, ಗಂಡೋ ಹೆಣ್ಣೋ, ಯಾವ ತಾಲೂಕು, ಮೂರೇ. ಮದುವೆಯಾಗಿದೆಯೇ ಎಂದು ಕೇಳುವ ಒಂದು ಸಾಲು ಮಾದರಿಯಲ್ಲಿತ್ತು. ವಿದ್ಯಾರ್ಥಿಗಳು ಎಂದಮೇಲೆ ಅದೇಕೆ ಎಂದು ನಾನೇ ತೆಗೆದುಹಾಕಿದೆ. ಜಾಗವೂ ಉಳಿಯಿತು.

ಹಂಚಿದ ದಿನ ತರಗತಿಯಲ್ಲಿ ನಲವತ್ತೆರಡು ಜನ. ಹುಡುಗಿಯರು ಕಾಗದವನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡು ಓದಿದರು. ಹುಡುಗರು ಹಿಂದಿನ ಬೆಂಚಿನಲ್ಲಿ ಕೆಮ್ಮಿದರು. ನಾನು ಕಿಟಕಿಯಾಚೆ ನೋಡುತ್ತ, ಇದೆಲ್ಲ ನನಗೆ ಬಹಳ ಮಾಮೂಲಿ ಎಂಬ ಮುಖ ಮಾಡಿಕೊಂಡು ನಿಂತೆ. ಒಬ್ಬ ಕೈ ಎತ್ತಿ, "ಮೇಡಂ, ಇದಕ್ಕೆ ಇಂಟರ್ನಲ್ ಮಾರ್ಕ್ಸ್ ಇದ್ಯಾ?" ಎಂದ. ಇನ್ನೊಬ್ಬ "ತಟಸ್ಥ ಅಂದ್ರೆ ಎಂತ ಮೇಡಂ?" ಎಂದು ಕೇಳಿದ. ತಟ ಎಂದರೆ ದಡ, ತಟಸ್ಥ ಎಂದರೆ ದಡದ ಮೇಲೆ ನಿಂತವನು ಎಂದು ಪದ ಬಿಡಿಸಿ ಹೇಳಿದೆ. ಅರ್ಧ ತರಗತಿ ಅಲ್ಲಿಂದ ಮುಂದೆ ದಡ ಹತ್ತಿ ನಿಂತುಬಿಟ್ಟಿತು.

ಉಳಿದ ಅರ್ಧದ ಉತ್ತರಗಳೂ ಚೆನ್ನಾಗಿದ್ದವು. ಗರ್ಭಪಾತ ಮಾಡಿಸಿಕೊಳ್ಳುವುದು ಹೆಣ್ಣಿನ ಹಕ್ಕು ಎಂಬ ಸಾಲಿಗೆ 'ಸಂಪೂರ್ಣವಾಗಿ ಒಪ್ಪುತ್ತೇನೆ' ಎಂದು ಗುರುತು ಹಾಕಿದವರೇ, ಎರಡು ಸಾಲು ಕೆಳಗೆ 'ನನ್ನ ತಂಗಿ ಹೀಗೆ ನಿರ್ಧರಿಸಿದರೆ ಬೆಂಬಲಿಸುತ್ತೇನೆ' ಎಂಬುದಕ್ಕೆ 'ಸಂಪೂರ್ಣವಾಗಿ ವಿರೋಧಿಸುತ್ತೇನೆ' ಎಂದಿದ್ದರು. ಹಕ್ಕು ದೇಶಕ್ಕೆ, ತಂಗಿ ಮನೆಗೆ. ಒಬ್ಬ ಹುಡುಗ ಅಂಚಿನಲ್ಲಿ, 'ನಮಗೆ ಇದರ ಅನುಭವ ಇಲ್ಲ, ಆದರೂ ಪಾಪ' ಎಂದು ಬರೆದಿದ್ದ. ಯಾರಿಗೆ ಪಾಪ, ಯಾರದು ಪಾಪ ಎಂದು ಬಿಡಿಸಿ ಬರೆದಿರಲಿಲ್ಲ. ಕನ್ನಡದಲ್ಲಿ ಅನುಕಂಪಕ್ಕೂ ನರಕಕ್ಕೂ ಅದೊಂದೇ ಮಾತು ಸಾಕಾಗುವುದರಿಂದ ಅವನನ್ನು ಯಾವ ಕಡೆ ಸೇರಿಸುವುದೆಂದು ತಿಳಿಯದೆ ತಟಸ್ಥರ ಜೊತೆ ಕೂರಿಸಿದೆ.

ಇಷ್ಟನ್ನು ನೋಡಿದ್ದು ಅದೇ ಸಂಜೆ. ಗುರುತುಗಳನ್ನು ಎಣಿಸಿ ಪಟ್ಟಿ ಮಾಡಿದೆ. ಕೊನೆಯ ಪುಟದಲ್ಲಿ 'ನಿಮ್ಮ ಮಾತಿನಲ್ಲಿ ಏನಾದರೂ ಹೇಳುವುದಿದ್ದರೆ' ಎಂದು ಐದು ಗೆರೆ ಖಾಲಿ ಬಿಟ್ಟಿದ್ದೆನಲ್ಲ, ಅದನ್ನು ಆಮೇಲೆ ಓದಿದರಾಯಿತು ಎಂದು ಕಟ್ಟು ಕಟ್ಟಿ ಬಟ್ಟೆಚೀಲದಲ್ಲಿ ಹಾಕಿದೆ. ಆ ಚೀಲ ಬಾಗಿಲ ಹಿಂದಿನ ಗೂಟದಲ್ಲಿ ಹದಿನೆಂಟು ದಿನ ತೂಗಾಡಿತು. ನಡುವೆ ಕಿರುಪರೀಕ್ಷೆ ಬಂತು, ಬಿಳಗಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ ಬಂತು, ನನಗೊಂದು ನೆಗಡಿ ಬಂತು. ಮಾತಿನಲ್ಲಿ ಹೇಳಿದ್ದನ್ನು ಪಟ್ಟಿಗೆ ಸೇರಿಸುವುದು ಕಷ್ಟ, ಗುರುತು ಎಣಿಸುವುದು ಸುಲಭ. ನಿಜವಾದ ಕಾರಣ ಅದೇ.

ಹತ್ತೊಂಬತ್ತನೆಯ ದಿನ ಓದಲು ಕೂತೆ. ಹೆಚ್ಚಿನವರು ಏನೂ ಬರೆದಿರಲಿಲ್ಲ. ಕೆಲವರು 'ಧನ್ಯವಾದಗಳು' ಎಂದಿದ್ದರು. ಒಂದು ಕಾಗದದಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ, ಬೇಕಾದರೆ ಅಳಿಸಬಹುದು ಎಂಬಂತೆ ತೆಳ್ಳಗೆ, ಎರಡು ಸಾಲು ಇತ್ತು. 'ಮೇಡಂ, ಮನೆಯವರ ಸಹಿ ಇಲ್ಲದೆ ಮಾಡುತ್ತಾರಾ? ನನಗೆ ಈಗ ಒಂಬತ್ತನೇ ವಾರ. ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದ ಹಾಗೆ ಹೇಳಿದರೂ ಸಾಕು.'

ನಾಚಿಕೆಯ ಮಾತು, ಆದರೂ ಹೇಳುತ್ತೇನೆ. ಓದಿದ ತಕ್ಷಣ ನನ್ನ ಮನಸ್ಸಿಗೆ ಬಂದದ್ದು 'ಎಂಥ ಡೇಟಾ!' ಎಂದು. ಅದು ಎಷ್ಟು ಹೊತ್ತು ಇತ್ತೋ, ಅರ್ಧ ನಿಮಿಷವಿರಬಹುದು. ಆಮೇಲೆ ಬೆರಳಿನಲ್ಲಿ ವಾರ ಎಣಿಸಿದೆ. ಒಂಬತ್ತು ಆಗಲೇ ಹನ್ನೆರಡರ ಹತ್ತಿರ ಬಂದಿತ್ತು. ಇಷ್ಟು ದಿನವೂ ಯಾರೋ ಒಬ್ಬಳು ನನ್ನ ಪಾಠ ಕೇಳುತ್ತ, ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ನನ್ನ ಬಾಯಿ ನೋಡುತ್ತಿದ್ದಳು. ನಾನು ಕುಟುಂಬ ವ್ಯವಸ್ಥೆಯ ಕಾರ್ಯಗಳನ್ನು ಒಂದು, ಎರಡು, ಮೂರು ಎಂದು ಬರೆಸುತ್ತಿದ್ದೆ.

ಉತ್ತರ ನನ್ನ ಬಳಿಯೇ ಇರಬೇಕಿತ್ತಲ್ಲ? ಹನ್ನೊಂದನೇ ಪ್ರಶ್ನೆಗೆ 'ತಪ್ಪು' ಎಂಬುದೇ ಸರಿಯುತ್ತರ ಎಂದು ನನ್ನ ಉತ್ತರಪಟ್ಟಿಯಲ್ಲಿ ಇತ್ತು. ಅದನ್ನು ಎಲ್ಲಿಂದಲೋ ನೋಡಿ ಬರೆದುಕೊಂಡಿದ್ದೆ, ಅಷ್ಟೆ. ಒಂದು ಹುಡುಗಿಯ ಬದುಕು ಅದರ ಮೇಲೆ ನಿಲ್ಲುತ್ತದೆ ಎಂದಾಗ 'ಎಲ್ಲಿಂದಲೋ' ಸಾಲಲಿಲ್ಲ. ವಿದ್ಯಾರ್ಥಿಗಳ ಅರಿವನ್ನು ಅಳೆಯಲು ಹೊರಟವಳಿಗೆ ತನ್ನ ಅರಿವು ಎಷ್ಟೆಂದು ಆಗ ಗೊತ್ತಾಯಿತು. ಮರುದಿನ ಬೆಳಿಗ್ಗೆ ಪೇಟೆಯ ಒಬ್ಬ ಲೇಡಿ ಡಾಕ್ಟರ ಬಳಿ ಚೀಟಿ ಮಾಡಿಸಿ ಕೂತೆ.

ಅಲ್ಲಿ ಬೆಂಚಿನ ತುಂಬ ಬಸುರಿಯರು, ಅವರ ಅತ್ತೆಯರು. ನಾನು ಒಬ್ಬಳೇ, ಮಡಿಲಲ್ಲಿ ಫೈಲು. ಎದುರಿಗೆ ನಮ್ಮ ಊರಿನ ಕಡೆಯ ಒಬ್ಬ ಅತ್ತೆ ಸೊಸೆಯ ಜೊತೆ ಬಂದು ಕೂತಿದ್ದರು. ನಕ್ಕರು. ನಾನೂ ನಕ್ಕೆ. ಅವರ ಕಣ್ಣು ನನ್ನ ಮುಖದಿಂದ ನಿಧಾನಕ್ಕೆ ಕೆಳಗಿಳಿದು ಫೈಲಿನ ಹತ್ತಿರ ನಿಂತಿತು. ಫೈಲನ್ನು ಪಕ್ಕಕ್ಕೆ ಇಟ್ಟರೆ ಒಂದು ಅರ್ಥ, ಇನ್ನಷ್ಟು ಒತ್ತಿ ಹಿಡಿದರೆ ಇನ್ನೊಂದು ಅರ್ಥ. ಏನು ಮಾಡುವುದೆಂದು ತಿಳಿಯದೆ ಎದ್ದು ನಿಂತೆ, ಅದಕ್ಕೂ ಒಂದು ಅರ್ಥವಾಯಿತು.

ಒಳಗೆ ಹೋದಾಗ ಡಾಕ್ಟರು ಬರೆಯುತ್ತಲೇ ಕೇಳಿದರು. "ಎಷ್ಟು ವಾರ?"

"ನನಗಲ್ಲ ಡಾಕ್ಟ್ರೇ. ನನ್ನ ವಿದ್ಯಾರ್ಥಿನಿಗೆ."

"ಇಲ್ಲಿ ಬರೋರೆಲ್ಲ ಗೆಳತಿಗೇ ಕೇಳೂದು" ಎಂದು ಅವರು ಪೆನ್ನು ಕೆಳಗಿಟ್ಟರು. ಪ್ರಶ್ನಾವಳಿ ತೋರಿಸಿ ನಂಬಿಸುವಷ್ಟರಲ್ಲಿ ಬೆವತುಹೋದೆ. ಆಮೇಲೆ ಅವರು ಮುಖ ನೋಡಿ ಸ್ಪಷ್ಟವಾಗಿ ಹೇಳಿದರು. "ಹದಿನೆಂಟು ದಾಟಿದ್ರೆ ಅವಳದ್ದೊಂದು ಸಹಿ ಸಾಕು. ಬೇರೆ ಯಾರದ್ದೂ ಬೇಡ. ಕೆಲವು ಕಡೆ ಕೇಳ್ತಾರೆ, ಅದು ಅವರವರ ಹೆದರಿಕೆ. ಹನ್ನೆರಡನೇ ವಾರದಲ್ಲೂ ಆಗ್ತದೆ. ಆದರೆ ಮೆಡಿಕಲ್‌ ಅಂಗಡಿಯಿಂದ ಮಾತ್ರೆ ತಂದು ನುಂಗೂದು ಬೇಡ ಅನ್ನಿ. ನನ್ನ ಹತ್ರ ಕಳಿಸಿ, ಬೇಗ."

ಬೇರೆ ಯಾರದ್ದೂ ಬೇಡ. ಇಷ್ಟು ಸಣ್ಣ ಮಾತು. ಇದನ್ನು ಹೀಗೇ ಒಯ್ದು ತರಗತಿಯಲ್ಲಿ ಹೇಳಿದ್ದರೆ ಈ ಬರಹ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಮಧ್ಯಾಹ್ನಕ್ಕೇ ಊರಿನಿಂದ ಆಯಿಯ, ಎಂದರೆ ನನ್ನ ಅಮ್ಮನ, ಫೋನು ಬಂತು. "ತಂಗೀ, ಲೇಡಿ ಡಾಕ್ಟ್ರ ಹತ್ರ ಹೋಗಿದ್ಯಡ?"

"ಕಾಲೇಜಿನ ಕೆಲಸಕ್ಕೆ ಹೋಗಿದ್ದಿ ಆಯಿ. ಎಂಗೆ ಎಂತೂ ಆಜಿಲ್ಲೆ, ಆರಾಮಿದ್ದಿ."

"ಕಾಲೇಜಿನ ಕೆಲಸ ಅಲ್ಲೆಂತ ಇರ್ತು? ಎಂತೇ ಇದ್ರೂ ಮನೆಯವ್ಕೆ ಒಂದು ಮಾತು ಹೇಳವು ಹೇಳಿ ಇಲ್ಯ ನಿಂಗೆ?"

ಮನೆಯವರಿಗೆ ಹೇಳಬೇಕು. ಹುಟ್ಟಿದಾಗಿನಿಂದ ಈ ಮಾತು ಕೇಳಿಕೊಂಡೇ ಬೆಳೆದವಳು ನಾನು. ನನ್ನ ಮಟ್ಟಿಗೆ ಮನೆಯವರು ಎಂದರೆ ಅಪ್ಪಯ್ಯ, ಆಯಿ, ಮೇಲೊಬ್ಬ ದೊಡ್ಡಪ್ಪ. ಪ್ರವಾಸಕ್ಕೆ ಹೋಗಲು ಅವರ ಸಹಿ, ಹಾಸ್ಟೆಲಿಗೆ ಸೇರಲು ಅವರ ಸಹಿ, ಕೂದಲು ಕತ್ತರಿಸಿಕೊಂಡರೆ ಸಹಿ ಇಲ್ಲದೆಯೇ ಒಂದು ರಾದ್ಧಾಂತ. ಪೆನ್ಸಿಲ್ಲಿನಲ್ಲಿ ಬರೆದ ಹುಡುಗಿಯ ಮೇಲೆ ನನಗೆ ಒಮ್ಮೆಲೇ ಅಕ್ಕನ ಮಮತೆ ಉಕ್ಕಿಬಂತು. ಪಾಪ, ಅವಳಿಗೂ ಇಂಥದೇ ಒಬ್ಬ ಅಪ್ಪಯ್ಯ, ಇಂಥದೇ ಒಬ್ಬ ಆಯಿ. ನಡುವೆ ಯಾವನೋ ಬೈಕಿನವನು. ಇಡೀ ಕತೆಯನ್ನು ನಾನೇ ಹೆಣೆದೆ. ಬೈಕಿಗೆ ಬಣ್ಣವನ್ನೂ ಕೊಟ್ಟೆ.

ತರಗತಿಯಲ್ಲಿ ಹೇಳುವ ಮೊದಲು ಅವಳು ಯಾರೆಂದು ಗೊತ್ತಾದರೆ ಗುಟ್ಟಾಗಿ ಕರೆದು ಹೇಳಬಹುದಲ್ಲ ಎಂದು ಆಸೆಯಾಯಿತು. ದಪ್ಪಕ್ಷರದಲ್ಲಿ ಕೊಟ್ಟ ಮಾತನ್ನು ಮುರಿಯಲು ಅಷ್ಟು ನೆಪ ಸಾಕು. ಕಾಗದದಲ್ಲಿ ಇಪ್ಪತ್ತಮೂರು ವರ್ಷ, ಹೆಣ್ಣು, ಶಿರಸಿ ತಾಲೂಕು ಎಂದಿತ್ತು. ಹಾಜರಿ ಪುಸ್ತಕ ತೆಗೆದು ಪಟ್ಟಿ ಮಾಡಿದೆ. ಮದುವೆಯಾಗಿ ಓದಲು ಬರುತ್ತಿದ್ದ ಮೂವರನ್ನು ಮೊದಲೇ ಹೊಡೆದುಹಾಕಿದೆ, ಅವರಿಗೇಕೆ ಇಂಥ ತಾಪತ್ರಯ ಎಂದು. ಉಳಿದವರಲ್ಲಿ ಒಬ್ಬಳು ಕೆಲವು ದಿನಗಳಿಂದ ಕಿಟಕಿ ಪಕ್ಕ ಮಂಕಾಗಿ ಕೂರುತ್ತಿದ್ದಳು. ಎರಡು ಸಲ ತರಗತಿಯ ನಡುವೆ ಬಾಯಿಗೆ ಕೈ ಅಡ್ಡ ಹಿಡಿದು ಎದ್ದುಹೋಗಿದ್ದಳು. ಇವಳೇ! ಸ್ಟಾಫ್ ರೂಮಿಗೆ ಕರೆಸಿ, ಬಾಗಿಲು ಓರೆ ಮಾಡಿ, ನನ್ನ ದನಿಯನ್ನು ಆದಷ್ಟು ಮೃದು ಮಾಡಿಕೊಂಡು, "ನೋಡು, ಏನಿದ್ದರೂ ನನ್ನ ಹತ್ತಿರ ಹೇಳಬಹುದು. ನಾನು ಯಾರಿಗೂ ಹೇಳುವುದಿಲ್ಲ" ಎಂದೆ.

ಅವಳ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬರುವುದರಲ್ಲಿತ್ತು.

"ಗ್ಯಾಸ್ಟ್ರಿಕ್ಕು ಮೇಡಂ" ಎಂದಳು. "ಹಾಸ್ಟೆಲಲ್ಲಿ ದಿನಾ ಮೆಣಸಿನ ಸಾರು ಮಾಡ್ತ್ರು. ನೀವು ವಾರ್ಡನ್‌ಗೆ ಒಂದು ಮಾತು ಹೇಳ್ತ್ರಾ?"

ಹೇಳಿದೆ. ಹಾಸ್ಟೆಲಿನಲ್ಲಿ ಸಾರಿನ ಖಾರ ಕಡಿಮೆಯಾಯಿತು. ನನ್ನ ಸಂಶೋಧನೆಯಿಂದ ಸಮಾಜಕ್ಕೆ ಆದ ಖಚಿತ ಉಪಯೋಗ ಅದೊಂದೇ.

ಮರುದಿನ ತರಗತಿಯಲ್ಲಿ ಪಾಠ ಬದಿಗಿಟ್ಟು, ಬೋರ್ಡಿನ ಮೇಲೆ 'ಕಾನೂನಿನ ಅರಿವು' ಎಂದು ಬರೆದೆ. ನನ್ನ ಮೇಲೆ ನನಗೇ ಅಭಿಮಾನ ಉಕ್ಕುತ್ತಿತ್ತು. ಹದಿನೆಂಟು ತುಂಬಿದ ಹುಡುಗಿ ಯಾರ ಸ್ವತ್ತೂ ಅಲ್ಲ ಎಂದು ಶುರು ಮಾಡಿದೆ. "ನಿಮ್ಮ ಅಪ್ಪ ಅಮ್ಮನ ಸಹಿ ಬೇಕಿಲ್ಲ. ಅಣ್ಣನದು ಬೇಕಿಲ್ಲ. ಡಾಕ್ಟರು ನಿಮ್ಮ ಅಪ್ಪನಿಗೆ ಫೋನು ಮಾಡುವ ಹಾಗಿಲ್ಲ. ಮದುವೆಯಾಗಿಲ್ಲ ಎಂದು ಯಾರೂ ನಿಮ್ಮನ್ನು ವಾಪಸು ಕಳಿಸುವ ಹಾಗಿಲ್ಲ." ಡಾಕ್ಟರ ವಿಳಾಸ ಬೋರ್ಡಿನ ಮೂಲೆಯಲ್ಲಿ ಬರೆದೆ. ಹನ್ನೆರಡನೇ ವಾರದಲ್ಲೂ ತಡವಾಗಿಲ್ಲ ಎಂಬುದನ್ನು ಎರಡು ಸಲ ಹೇಳಿದೆ. ಹೇಳುವಾಗ ಹಿಂದಿನ ಬೆಂಚುಗಳ ಹುಡುಗಿಯರ ಮುಖವನ್ನೇ ಒಂದೊಂದಾಗಿ ನೋಡುತ್ತಿದ್ದೆ.

ಮುಂದಿನ ಬೆಂಚಿನಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದವಳು ದಾಸನಕೊಪ್ಪದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಸೊಸೆ. ವರ್ಷದೊಳಗಿನ ಒಂದು ಹೆಣ್ಣುಮಗುವನ್ನು ಅತ್ತೆಯ ಕೈಗೆ ಕೊಟ್ಟು ಬರುವವಳು. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಅವಳದೇ. ಕೊನೆಯ ಸೆಮಿಸ್ಟರ್ ಮುಗಿಸಿ, ಬಿ.ಎಡ್. ಮಾಡಿ, ಹೈಸ್ಕೂಲಿಗೆ ಟೀಚರ್ ಆಗಬೇಕೆಂದು ಹಟ ಹಿಡಿದವಳು. ಅವಳು ಕೈ ಎತ್ತಿದಳು.

"ಮೇಡಂ, ಮದುವಿ ಆದೋರಿಗ್ರೀ?"

ಪ್ರಶ್ನೆ ಕೇಳುವುದು ಅವಳ ಅಭ್ಯಾಸ. ಯಾವ ಪಾಠದಲ್ಲೂ ಒಂದು ಪ್ರಶ್ನೆ ಇದ್ದದ್ದೇ. ನನ್ನ ಗಮನವೆಲ್ಲ ಹಿಂದಿನ ಬೆಂಚಿನಲ್ಲಿತ್ತು. "ಮದುವೆಯಾದವರ ಮಾತು ಬೇರೆ" ಎಂದೆ. "ಅವರಿಗೆ ಕದ್ದು ಹೋಗುವ ಕಷ್ಟವೇ ಇಲ್ಲವಲ್ಲ!"

ತರಗತಿ ನಕ್ಕಿತು. ಅವಳೂ ಸ್ವಲ್ಪ ನಕ್ಕು, ತಲೆ ಬಗ್ಗಿಸಿ, ಅದನ್ನೂ ಬರೆದುಕೊಂಡಳು.

ಅವತ್ತು ನನ್ನ ಬಾಡಿಗೆ ಕೋಣೆಗೆ ಹೋಗುವಾಗ ದಾರಿಯಲ್ಲಿ ಮಸಾಲೆ ದೋಸೆ ತಿಂದೆ. ಯಾರೆಂದು ತಿಳಿಯದ ಒಂದು ಹುಡುಗಿಯನ್ನು ದಡ ಸೇರಿಸಿದ ಸಂತೋಷಕ್ಕೆ ಜೊತೆಗೊಂದು ಕಷಾಯವನ್ನೂ ಕುಡಿದೆ. ಮುಂದಿನ ವಾರಗಳಲ್ಲಿ ಬೈಕಿನವನ ಗೆಳತಿ ಹಗುರಾಗಿ ನಗುತ್ತಿರುವುದನ್ನು ನಾಲ್ಕಾರು ಹುಡುಗಿಯರ ಮುಖದಲ್ಲಿ ಕಂಡೆ. ಗ್ಯಾಸ್ಟ್ರಿಕ್ಕಿನವಳೂ ನಗುತ್ತಿದ್ದಳು. ಮುಂದಿನ ಬೆಂಚಿನ ದಾಸನಕೊಪ್ಪದವಳು ಮೊದಲು ವಾರಕ್ಕೆ ಎರಡು ದಿನ ತಪ್ಪಿಸಿದಳು, ಆಮೇಲೆ ಬರುವುದನ್ನೇ ಬಿಟ್ಟಳು. ಮಗುವಿಗೆ ಹುಷಾರಿಲ್ಲವೇನೋ ಎಂದುಕೊಂಡು ಹಾಜರಿಯಲ್ಲಿ ಗೈರು ಗುರುತಿಸುತ್ತ ಹೋದೆ.

ನನ್ನ ಪ್ರಬಂಧದ ಮೊದಲ ಭಾಗವನ್ನು ಒಂದು ವಿಚಾರಸಂಕಿರಣದಲ್ಲಿ ಓದಿದೆ. ಹೆಣ್ಣುಮಕ್ಕಳಲ್ಲಿ ಕಾನೂನಿನ ಅರಿವು ಕಡಿಮೆ ಎಂದು ತೀರ್ಮಾನಿಸಿದ್ದೆ. ಚಪ್ಪಾಳೆ ಬಿತ್ತು, ಹೂವಿನ ಬದಲು ಒಂದು ಗಿಡ ಕೊಟ್ಟರು.

ಸೆಮಿಸ್ಟರಿನ ಕೊನೆಗೆ ಪರೀಕ್ಷೆಯ ಅರ್ಜಿ ತುಂಬುವ ದಿನಗಳು. ಮಧ್ಯಾಹ್ನ ಪಾಠ ಮುಗಿಸಿ ಬರುತ್ತಿದ್ದಾಗ ಆಫೀಸಿನ ಎದುರಿನ ಬೆಂಚಿನಲ್ಲಿ ದಾಸನಕೊಪ್ಪದವಳು ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ಹೋಗಿ ಬೆಂಚಿನ ಅಂಚು ಹಿಡಿದುಕೊಂಡಳು. ಆರು ತಿಂಗಳು ಇರಬಹುದು, ನೋಡಿದರೇ ತಿಳಿಯುತ್ತಿತ್ತು.

"ಕೂತ್ಕೋ ಕೂತ್ಕೋ" ಎಂದು ಪಕ್ಕದಲ್ಲಿ ಕೂತೆ. "ಸಿಹಿ ಸುದ್ದಿ ಹೇಳಲೇ ಇಲ್ಲ ನೀನು" ಎಂದೆ. ಇಂಥ ಕಡೆ ಆಡುವ ಮಾತು ಇದೇ ಅಲ್ಲವೇ?

ಅವಳು ನಗಲಿಲ್ಲ. "ಹಾಜರಿ ಕಡಿಮಿ ಬಿದ್ದೈತಂತ್ರೀ. ಈ ಸಲ ಕುಂದ್ರಾಕ ಬರೂದಿಲ್ಲ ಅಂದ್ರು. ಮುಂದಿನ ವರ್ಷ ಬರೀಬಹುದೇನು ಅಂತ ಕೇಳಾಕ ಬಂದಿದ್ದೆ."

"ಬರೀಬಹುದು. ಯಾಕೆ ಬರೀಬಾರದು?"

"ಎರಡು ಕೂಸು ಬಿಟ್ಟು ಹೋಗು ಅಂತ ಯಾರಂತಾರ್ರೀ ಮೇಡಂ" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಾ ಕೇಳಿದ್ದೆ ನಿಮ್ಮನ್ನ. ಪೆನ್ಸಿಲ್ಲಿನ್ಯಾಗ" ಎಂದಳು.

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದದ್ದೇ ನಾಲಿಗೆ ತನ್ನ ಸಮರ್ಥನೆಗೆ ಮೊದಲು ಓಡಿತು. "ನಾನು ಹೇಳಿದೆನಲ್ಲ! ಎಲ್ಲರ ಮುಂದೆ ಹೇಳಿದೆ. ಸಹಿ ಬೇಡ ಅಂತ."

"ನೀವು ಅಪ್ಪ ಅವ್ವಂದು ಅಂದ್ರಿ. ನಮ್ಮಪ್ಪ ತೀರಿಹೋಗಿ ಆರು ವರ್ಷಾತು. ನಾ ಕೇಳಿದ್ದು ನಮ್ಮನಿಯವರದ್ರೀ."

ನಮ್ಮನಿಯವರು. ನಮ್ಮನೆಯವರು. ಈ ಸೀಮೆಯಲ್ಲಿ ಮದುವೆಯಾದ ಯಾವ ಹೆಂಗಸೂ ಗಂಡನ ಹೆಸರು ಹೇಳುವುದಿಲ್ಲ. ಗಂಡ ಎಂಬ ಪದವನ್ನೂ ಬಳಸುವುದಿಲ್ಲ. ನನ್ನ ಆಯಿ ಅಪ್ಪಯ್ಯನ ಬಗ್ಗೆ ಹೊರಗಿನವರ ಹತ್ತಿರ ಹೇಳುವುದು ಹಾಗೆಯೇ. ಡಿಟಿಪಿ ಅಂಗಡಿಯವಳೂ ಹಾಗೆಯೇ ಹೇಳುತ್ತಾಳೆ. ಹನ್ನೊಂದನೇ ಪ್ರಶ್ನೆ ಟೈಪು ಮಾಡುವಾಗ ಅವಳು ತಡವರಿಸಲಿಲ್ಲ, ಏಕೆಂದರೆ ಅವಳಿಗೆ ಅಲ್ಲಿ ಗೊಂದಲವೇ ಇರಲಿಲ್ಲ. ನನಗೂ ಇರಲಿಲ್ಲ. ಅವಳು ಓದಿದ್ದು ಗಂಡನನ್ನು, ನಾನು ಬರೆದದ್ದು ಅಪ್ಪನನ್ನು. ತರಗತಿಯ ನಲವತ್ತೆರಡು ಜನ ಯಾರು ಯಾರನ್ನು ನೆನೆದುಕೊಂಡು ಗುರುತು ಹಾಕಿದರೋ ದೇವರಿಗೇ ಗೊತ್ತು. ಅದರ ಮೇಲೆ ತೀರ್ಮಾನ ಮಾಡಿ ನಾನು ಗಿಡ ತಂದಿದ್ದೆ.

"ಅವರನ್ನ ಕೇಳಲಿಲ್ವಾ ನೀನು?" ಎಂದೆ.

"ಕೇಳಿದ್ರ ಬ್ಯಾಡ ಅಂತಿದ್ರು. ಕೆಟ್ಟೋರಲ್ರೀ ಅವರು, ದಿನಾ ಬಸ್ಸಿಗೆ ಬಿಡಾಕ ಬರತಿದ್ರು. ಆದ್ರ ಇದಕ್ಕ ಹೂಂ ಅಂತಿದ್ದಿಲ್ಲ. ಒಮ್ಮಿ ಬ್ಯಾಡ ಅಂದಮ್ಯಾಲ ನಾ ಹ್ಯಾಂಗ ಹೋಗಲಿ? ಅದಕ್ಕ ಮೊದಲ ನಿಮ್ಮನ್ನ ಕೇಳಿದೆ. ಅವತ್ತ ಕ್ಲಾಸಿನ್ಯಾಗ ಮತ್ತೊಮ್ಮಿ ಕೇಳಿದೆ. ಮದುವಿ ಆದೋರ ಮಾತು ಬ್ಯಾರೆ ಅಂದ್ರಿ. ಹಂಗಾರ ಸಹಿ ಬೇಕ ಬೇಕು ಅಂತ ತಿಳಕೊಂಡೆ."

ಆಫೀಸಿನಿಂದ ಯಾರೋ ಅವಳನ್ನು ಕರೆದರು. ಅವಳು ಬಂದೆ ಎಂದು ಕೈ ಮಾಡಿದಳು, ಎದ್ದೇಳಲಿಲ್ಲ.

"ನಾ ಮತ್ಯಾರನ್ನೂ ಕೇಳಿದ್ದಿಲ್ರೀ ಮೇಡಂ" ಎಂದಳು. ಆಮೇಲೆ ನನ್ನ ಕಡೆ ಪೂರ್ತಿ ತಿರುಗಿದಳು. ತರಗತಿಯಲ್ಲಿ ಕೇಳುತ್ತಿದ್ದ ಹಾಗೆಯೇ, ನೇರವಾಗಿ, ಕಲಿಯುವುದಕ್ಕೆ ಕೇಳುವವರ ಮುಖದಲ್ಲಿ, "ಬೇಕಿತ್ತೇನ್ರಿ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಬೇಕಿತ್ತು ಎಂದರೆ ಅವಳಿಗೆ ಮುಂದಿನ ದಿನಗಳು ಸ್ವಲ್ಪ ಸುಲಭವಾಗುತ್ತಿದ್ದವೋ ಏನೋ. ನನಗಂತೂ ಬಹಳ ಸುಲಭವಾಗುತ್ತಿತ್ತು. ಹೇಳಲು ಬಾಯಿಯನ್ನೂ ತೆರೆದಿದ್ದೆ. ಆದರೆ ಮೂರನೇ ಸಲ ಕೇಳುತ್ತಿದ್ದಳು ಅವಳು.

"ಬೇಕಿರಲಿಲ್ಲ" ಎಂದೆ. "ಗಂಡನದೂ ಬೇಕಿರಲಿಲ್ಲ. ನಿನ್ನದೊಂದೇ ಸಾಕಿತ್ತು."

ಅವಳು ಎದುರಿನ ಗೋಡೆಯ ನೋಟಿಸುಗಳ ಕಡೆ ನೋಡಿದಳು. ಆಮೇಲೆ ಬೆಂಚು ಹಿಡಿದು ನಿಧಾನಕ್ಕೆ ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ಇಷ್ಟ ಹೇಳಿದ್ರ ಆಗತಿತ್ತಲ್ರೀ" ಎಂದಳು, ಮತ್ತು ಅರ್ಜಿ ಹಿಡಿದು ಆಫೀಸಿನ ಒಳಗೆ ಹೋದಳು.